ಬ್ಯಾನ್ಫ್‌ಗೆ ಹೊರಟಿದ್ದೀರಾ? ಮೊದಲು ಸರೋವರದ ಬಸ್ಸು, ಆಮೇಲೆ ವಿಮಾನ

ಕರ್ನಾಟಕದ ಶಾಲೆಗಳ ಬೇಸಿಗೆ ರಜೆ ಏಪ್ರಿಲ್‌ನಲ್ಲಿ ಶುರುವಾಗಿ ಮೇ ಕೊನೆಗೆ ಮುಗಿಯುತ್ತದೆ. ಕೆನಡಾದ ಬ್ಯಾನ್ಫ್ ರಾಷ್ಟ್ರೀಯ ಉದ್ಯಾನದ ದೊಡ್ಡ ಸರೋವರಗಳ ಮೇಲಿನ ಮಂಜುಗಡ್ಡೆ ಪೂರ್ತಿ ಕರಗುವುದು ಸಾಮಾನ್ಯವಾಗಿ ಜೂನ್ ತಿಂಗಳಲ್ಲಿ. ಈ ಎರಡು ಕ್ಯಾಲೆಂಡರುಗಳನ್ನು ಪಕ್ಕಪಕ್ಕ ಇಟ್ಟು ನೋಡದೆ ಟಿಕೆಟ್ ಮಾಡಿಸಿ, ಮೇ ಎರಡನೇ ವಾರ ಮಕ್ಕಳುಮರಿ ಸಮೇತ ಲೇಕ್ ಲೂಯಿಸ್ ದಡಕ್ಕೆ ಬಂದು ನಿಂತರೆ ಕಣ್ಣೆದುರು ಕಾಣುವುದು ಒಂದು ಬಿಳಿ ಬಯಲು. ಫೋಟೊಗಳಲ್ಲಿ ನೋಡಿದ ಆ ನೀಲಿಗೆ ಇನ್ನೂ ಒಂದೂವರೆ ತಿಂಗಳು ಬಾಕಿ ಇರುತ್ತದೆ.

ನಾವು ಪ್ರವಾಸ ಹೊರಡುವ ಕ್ರಮ ಗೊತ್ತೇ ಇದೆ: ಮೊದಲು ರಜೆ, ಆಮೇಲೆ ವಿಮಾನ, ಆಮೇಲೆ ಹೋಟೆಲು, ಉಳಿದದ್ದು ‘ಅಲ್ಲಿಗೆ ಹೋದಮೇಲೆ ನೋಡಿಕೊಂಡರಾಯಿತು’. ಬ್ಯಾನ್ಫ್‌ಗೆ ಈ ಕ್ರಮ ಒಗ್ಗುವುದಿಲ್ಲ. ಇಲ್ಲಿ ಲೆಕ್ಕವನ್ನು ಹಿಂದುಮುಂದಾಗಿ ಹಾಕಬೇಕು. ಯಾವ ಸರೋವರ ನೋಡಬೇಕು, ಅದು ಯಾವ ತಿಂಗಳು ಚೆನ್ನ, ಅಲ್ಲಿಗೆ ಹೋಗುವ ಬಸ್ಸಿನ ಸೀಟು ಯಾವತ್ತು ಬುಕಿಂಗಿಗೆ ಬಿಡುತ್ತಾರೆ, ಆ ದಿನಗಳಿಗೆ ಕೋಣೆ ಎಲ್ಲಿ ಸಿಗುತ್ತದೆ, ಇಷ್ಟು ತೀರ್ಮಾನವಾದ ಮೇಲೆ ವಿಮಾನ. ಈ ಲೇಖನವೂ ಅದೇ ಕ್ರಮದಲ್ಲಿ ಸಾಗುತ್ತದೆ.

ಎಲ್ಲಿದೆ, ಏನಿದೆ

ಆಲ್ಬರ್ಟಾ ಪ್ರಾಂತ್ಯದ ಪಶ್ಚಿಮ ಅಂಚಿನಲ್ಲಿ, ರಾಕಿ ಪರ್ವತಸಾಲಿನೊಳಗೆ 6,641 ಚದರ ಕಿಲೋಮೀಟರ್ ಹರಡಿರುವ ಬ್ಯಾನ್ಫ್, ಕೆನಡಾದ ಮೊಟ್ಟಮೊದಲ ರಾಷ್ಟ್ರೀಯ ಉದ್ಯಾನ. ಸ್ಟೋನಿ ನಕೋಡಾ ಮುಂತಾದ ಮೂಲನಿವಾಸಿಗಳಿಗೆ ಈ ಕಣಿವೆಗಳು ಸಾವಿರಾರು ವರ್ಷಗಳಿಂದ ಗೊತ್ತಿದ್ದವು. 1883ರಲ್ಲಿ ರೈಲು ಹಳಿ ಹಾಕಲು ಬಂದಿದ್ದ ಮೂವರು ಕೆಲಸಗಾರರ ಕಣ್ಣಿಗೆ ಇಲ್ಲಿನ ಒಂದು ಗುಹೆಯ ಬಿಸಿನೀರಿನ ಬುಗ್ಗೆ ಬಿತ್ತು. ಅದರ ಒಡೆತನಕ್ಕೆ ಜಗಳವೆದ್ದು, 1885ರಲ್ಲಿ ಸರಕಾರವೇ ಬುಗ್ಗೆಯ ಸುತ್ತಲಿನ ಜಾಗವನ್ನು ಕಾಯ್ದಿರಿಸಿತು. ಆ ಸಣ್ಣ ತುಂಡು ನೆಲವೇ ಬೆಳೆದು ಇಂದಿನ ಉದ್ಯಾನವಾಯಿತು. ನೆರೆಯ ಜ್ಯಾಸ್ಪರ್, ಯೋಹೊ, ಕೂಟ್ನಿ ಉದ್ಯಾನಗಳ ಜೊತೆ 1984ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು.

ಹತ್ತಿರದ ದೊಡ್ಡ ಊರು ಕ್ಯಾಲ್ಗರಿ. ಅಲ್ಲಿನ ವಿಮಾನ ನಿಲ್ದಾಣದಿಂದ ಬ್ಯಾನ್ಫ್ ಪೇಟೆಗೆ ಸುಮಾರು 145 ಕಿ.ಮೀ.; ಟ್ರಾನ್ಸ್-ಕೆನಡಾ ಹೆದ್ದಾರಿಯಲ್ಲಿ ಒಂದೂವರೆ ಗಂಟೆಯ ದಾರಿ. ಪೇಟೆ ಉದ್ಯಾನದ ಒಳಗೇ ಇದೆ. ಅಲ್ಲಿಂದ ಲೇಕ್ ಲೂಯಿಸ್ ಎಂಬ ಪುಟ್ಟ ಜನವಸತಿಗೆ ಇನ್ನೂ ಸುಮಾರು 58 ಕಿ.ಮೀ. ಪ್ರಸಿದ್ಧ ಸರೋವರಗಳಲ್ಲಿ ಹೆಚ್ಚಿನವು ಇರುವುದು ಲೇಕ್ ಲೂಯಿಸ್ ಆಸುಪಾಸಿನಲ್ಲಿ ಮತ್ತು ಅದರಾಚೆ ಉತ್ತರಕ್ಕೆ. ವರ್ಷಕ್ಕೆ 40 ಲಕ್ಷಕ್ಕೂ ಹೆಚ್ಚು ಜನ ಬರುವ ಜಾಗ ಇದು. ಅವರಲ್ಲಿ ಬಹುಪಾಲು ಜನ ಬೇಸಿಗೆಯ ಕೆಲವೇ ವಾರಗಳಲ್ಲಿ, ಎರಡು ಮೂರು ಸರೋವರಗಳ ದಡಕ್ಕೇ ಮುಗಿಬೀಳುತ್ತಾರೆ. ಮುಂದೆ ಹೇಳುವ ಬಸ್ಸು, ಬುಕಿಂಗ್, ಪಾರ್ಕಿಂಗಿನ ತಾಪತ್ರಯಕ್ಕೆಲ್ಲ ಕಾರಣ ಇದೇ.

ಆ ಬಣ್ಣ ಬರುವುದು ಹೇಗೆ

ಯಾವ ತಿಂಗಳು ಹೋಗಬೇಕೆಂಬುದು ತಿಳಿಯಬೇಕಾದರೆ ನೀರಿನ ಬಣ್ಣದ ಗುಟ್ಟು ಗೊತ್ತಿರಬೇಕು. ಬೆಟ್ಟದ ಮೇಲಿನ ಹಿಮನದಿ ನಿಂತಲ್ಲೇ ನಿಂತ ಮಂಜಿನ ಗುಡ್ಡೆಯಲ್ಲ. ತನ್ನ ಭಾರಕ್ಕೆ ತಾನೇ ನಿಧಾನವಾಗಿ ಕೆಳಗೆ ಜಾರುತ್ತಿರುತ್ತದೆ. ತಳದಲ್ಲಿ ಸಿಕ್ಕಿಕೊಂಡ ಕಲ್ಲುಗಳು ಕೆಳಗಿನ ಬಂಡೆಯನ್ನು ಬೀಸುಕಲ್ಲಿನಂತೆ ಅರೆಯುತ್ತವೆ. ಹಾಗೆ ಉದುರಿದ ಹಿಟ್ಟು ಎಷ್ಟು ನಯ ಎಂದರೆ ನೀರಿಗೆ ಸೇರಿದರೂ ಬೇಗ ತಳ ಸೇರದು, ತೇಲುತ್ತಲೇ ಇರುತ್ತದೆ. ಬಿಸಿಲಿನ ಕೆಂಪು ಭಾಗವನ್ನು ನೀರು ಹೀರಿಕೊಳ್ಳುತ್ತದೆ. ನೀಲಿ, ಹಸಿರನ್ನು ಈ ಕಲ್ಲುಹಿಟ್ಟಿನ ಕಣಗಳು ಚದುರಿಸಿ ನಮ್ಮ ಕಣ್ಣಿಗೆ ಕಳಿಸುತ್ತವೆ.

ಇದರಿಂದ ಪ್ರವಾಸಿಗೆ ಮೂರು ಪಾಠಗಳಿವೆ. ಒಂದು, ಹಿಮನದಿ ಚೆನ್ನಾಗಿ ಕರಗಿ ಹಿಟ್ಟು ಇಳಿದು ಬಂದಷ್ಟೂ ಬಣ್ಣ ಗಾಢ. ಹಾಗಾಗಿ ಮಂಜುಗಡ್ಡೆ ಒಡೆದ ಮರುದಿನವೇ ಹೋದರೆ ನೀರು ಕಡುನೀಲಿಯಾಗಿ ಕಾಣಬಹುದು, ಹಾಲು ಬೆರೆತಂಥ ಆ ಹಸಿರುನೀಲಿ ತುಂಬಿ ಬರುವುದು ಜುಲೈಯಲ್ಲಿ. ಎರಡು, ಇದು ಬಿಸಿಲಿನ ಆಟ. ಮೋಡ ಮುಚ್ಚಿದ ದಿನ ಬಣ್ಣ ಮಂಕಾಗುತ್ತದೆ, ಬಿಸಿಲು ನೆತ್ತಿಗೇರಿದಾಗ ಹೊಳೆಯುತ್ತದೆ. ಮೂರು, ಬಣ್ಣ ಕಾಣಬೇಕಾದರೆ ಎತ್ತರ ಬೇಕು. ದಡದಲ್ಲಿ ಕೂತು ಬೊಗಸೆಯಲ್ಲಿ ನೀರೆತ್ತಿದರೆ ಅದಕ್ಕೆ ಬಣ್ಣವೇ ಇರುವುದಿಲ್ಲ, ತುಸು ಮಬ್ಬಾಗಿರುತ್ತದೆ ಅಷ್ಟೆ. ಅದೇ ನೀರನ್ನು ನೂರಡಿ ಮೇಲಿನಿಂದ ನೋಡಿದರೆ ಬೇರೆಯೇ ಲೋಕ. ಎಲ್ಲ ಸರೋವರಗಳಲ್ಲೂ ದಡದ ಮೇಲೆ ಸಮಯ ಕಳೆದು ಸುಸ್ತಾಗುವ ಬದಲು, ಹತ್ತಿರದ ನೋಟದ ದಿಬ್ಬಕ್ಕೆ ಹತ್ತುವಷ್ಟು ಶಕ್ತಿ ಉಳಿಸಿಕೊಳ್ಳಿ.

ಯಾವ ತಿಂಗಳು

ಮೇ: ಪೇಟೆ, ಜಲಪಾತ, ಕಾಡುಪ್ರಾಣಿಗಳಿಗೆ ಚೆನ್ನ. ಎತ್ತರದ ಸರೋವರಗಳು ಹೆಪ್ಪುಗಟ್ಟಿಯೇ ಇರುತ್ತವೆ. ಮೊರೇನ್ ಲೇಕ್ ರಸ್ತೆ ತೆರೆದಿರುವುದಿಲ್ಲ.

ಜೂನ್: ಮೊದಲರ್ಧದಲ್ಲಿ ಗಡ್ಡೆ ಒಡೆಯುತ್ತದೆ. ಮೇಲಿನ ಕಾಲುದಾರಿಗಳಲ್ಲಿ ಇನ್ನೂ ಹಿಮ, ಕೆಸರು. ಕೊನೆಯ ವಾರ ಒಳ್ಳೆಯ ಆಯ್ಕೆ: ಕತ್ತಲಾಗುವುದು ರಾತ್ರಿ ಹತ್ತರ ಮೇಲೆ, ಹಾಗಾಗಿ ದಿನ ಬಲು ಉದ್ದ.

ಜುಲೈ, ಆಗಸ್ಟ್: ಬಣ್ಣಕ್ಕೂ ನಡಿಗೆಗೂ ಅತ್ಯುತ್ತಮ. ಜನಜಂಗುಳಿ, ಕೋಣೆಯ ಬಾಡಿಗೆ ಎರಡೂ ಶಿಖರದಲ್ಲಿ. ಆಗಸ್ಟ್‌ನಲ್ಲಿ ಕಾಡ್ಗಿಚ್ಚಿನ ಹೊಗೆ ಕವಿದು ಎದುರಿನ ಬೆಟ್ಟವೂ ಕಾಣದಂತಾಗುವ ಸಂಭವ ಉಂಟು. 2024ರ ಜುಲೈನಲ್ಲಿ ನೆರೆಯ ಜ್ಯಾಸ್ಪರ್ ಪೇಟೆಯ ಸುಮಾರು ಮೂರನೇ ಒಂದು ಭಾಗದ ಕಟ್ಟಡಗಳು ಬೆಂಕಿಗೆ ಸುಟ್ಟುಹೋದವು. ರದ್ದು ಮಾಡಿದರೆ ಹಣ ವಾಪಸು ಬರುವಂಥ ಕೋಣೆಯನ್ನೇ ಬುಕ್ ಮಾಡುವುದು ಜಾಣತನ.

ಸೆಪ್ಟೆಂಬರ್: ಗಾಳಿ ತಿಳಿಯಾಗುತ್ತದೆ, ಸೊಳ್ಳೆ ಇಲ್ಲ. ಕೊನೆಯ ಹತ್ತು ದಿನ ಲಾರ್ಚ್ ಮರಗಳ ಕಾಲ. ಸೂಜಿಯೆಲೆಯ ಮರವಾದರೂ ಚಳಿಗಾಲಕ್ಕೆ ಮುಂಚೆ ಎಲೆಯುದುರಿಸುವ ಈ ಲಾರ್ಚ್, ಉದುರುವ ಮುನ್ನ ಇಡೀ ಇಳಿಜಾರನ್ನೇ ಹಳದಿ ಮಾಡಿಬಿಡುತ್ತದೆ. ದಸರಾ ಬೇಗ ಬಿದ್ದ ವರ್ಷ ನಮ್ಮ ರಜೆಗೂ ಇದಕ್ಕೂ ಹೊಂದಾಣಿಕೆ ಆಗುತ್ತದೆ. ಆದರೆ ಆ ವಾರಾಂತ್ಯಗಳಲ್ಲಿ ಕ್ಯಾಲ್ಗರಿಯ ಅರ್ಧ ಊರೇ ಇಲ್ಲಿರುತ್ತದೆ, ಎಚ್ಚರ.

ಅಕ್ಟೋಬರ್ ನಡುಭಾಗದಿಂದ ಮೊರೇನ್ ಲೇಕ್ ಬಸ್ಸುಗಳು ನಿಲ್ಲುತ್ತವೆ. ಚಳಿಗಾಲದಲ್ಲಿ ಲೇಕ್ ಲೂಯಿಸ್ ಮೇಲೆ ಸ್ಕೇಟಿಂಗ್ ಆಡುತ್ತಾರೆ. ಅದು ಬೇರೆಯೇ ಪ್ರವಾಸ.

ಜುಲೈಯಲ್ಲೂ ಹಗಲು 22 ಡಿಗ್ರಿ ಆಸುಪಾಸು, ರಾತ್ರಿ ಏಳೆಂಟಕ್ಕೆ ಇಳಿಯುತ್ತದೆ. ಎತ್ತರದಲ್ಲಿ ಬೇಸಿಗೆಯ ಮಧ್ಯೆಯೇ ಒಂದು ಸುತ್ತು ಹಿಮ ಬಿದ್ದರೂ ಅಚ್ಚರಿಯಿಲ್ಲ. ಸ್ವೆಟರ್, ಮೇಲೊಂದು ಮಳೆ-ಗಾಳಿ ತಡೆಯುವ ಜಾಕೆಟ್, ಟೋಪಿ, ಹಿಡಿತವಿರುವ ಶೂ ಯಾವ ತಿಂಗಳಿಗೂ ಕಡ್ಡಾಯ. ಚಪ್ಪಲಿಯಲ್ಲಿ ಪೇಟೆ ಸುತ್ತಬಹುದು, ಸರೋವರ ಸುತ್ತಲಾಗದು.

ಬಸ್ಸಿನ ಸೀಟು: ಇಡೀ ಯೋಜನೆಯ ಕೀಲಿ

ಎಲ್ಲರೂ ಮೊದಲು ಹೆಸರಿಸುವ ಮೊರೇನ್ ಲೇಕ್‌ಗೆ 2023ರಿಂದ ಸ್ವಂತ ಕಾರಿನಲ್ಲಿ ಹೋಗುವಂತಿಲ್ಲ. ಬಾಡಿಗೆ ಕಾರಿಗೂ ಇದೇ ನಿಯಮ. ಇರುವ ದಾರಿಗಳು ಇವು: ಉದ್ಯಾನದ ಆಡಳಿತ ನಡೆಸುವ ಪಾರ್ಕ್ಸ್ ಕೆನಡಾದ ಶಟಲ್ ಬಸ್ಸು, ಬ್ಯಾನ್ಫ್‌ನ ಸಾರ್ವಜನಿಕ ಸಾರಿಗೆಯಾದ ರೋಮ್, ಖಾಸಗಿ ಪ್ರವಾಸಿ ಬಸ್ಸುಗಳು, ಅಥವಾ ಸೈಕಲ್. ಲೇಕ್ ಲೂಯಿಸ್‌ಗೆ ಕಾರು ಹೋಗಬಹುದು, ಆದರೆ ದಡದ ಪಾರ್ಕಿಂಗ್‌ಗೆ ಬೇಸಿಗೆಯಲ್ಲಿ ದುಬಾರಿ ಶುಲ್ಕವಿದೆ, ಬೆಳಗಿನ ಜಾವವೇ ತುಂಬಿಹೋಗುತ್ತದೆ. ಒಂಬತ್ತು ಗಂಟೆಗೆ ತಿಂಡಿ ಮುಗಿಸಿ ಹೊರಟವರನ್ನು ವಾಪಸು ಕಳಿಸುವುದು ದಿನನಿತ್ಯದ ಮಾತು.

ಪಾರ್ಕ್ಸ್ ಕೆನಡಾದ ಶಟಲ್ ಹೊರಡುವುದು ಲೇಕ್ ಲೂಯಿಸ್ ಸ್ಕೀ ರೆಸಾರ್ಟ್‌ನ ವಿಶಾಲ ಪಾರ್ಕಿಂಗ್ ಜಾಗದಿಂದ. ಅಲ್ಲಿ ಕಾರು ನಿಲ್ಲಿಸಲು ಹಣ ಕೊಡಬೇಕಿಲ್ಲ. ಸೀಟು ಮಾತ್ರ ಮುಂಗಡವಾಗಿ ಆನ್‌ಲೈನ್‌ನಲ್ಲೇ ಕಾಯ್ದಿರಿಸಬೇಕು. ಒಂದು ಭಾಗ ಸೀಟುಗಳನ್ನು ವಸಂತದಲ್ಲಿ, ಸಾಮಾನ್ಯವಾಗಿ ಏಪ್ರಿಲ್‌ನಲ್ಲಿ, ಒಂದೇ ದಿನ ಬಿಡುತ್ತಾರೆ. ಉಳಿದ ದೊಡ್ಡ ಪಾಲನ್ನು ಪ್ರಯಾಣಕ್ಕೆ ಎರಡು ದಿನ ಮುಂಚೆ, ಅಲ್ಲಿನ ಬೆಳಗ್ಗೆ ಎಂಟು ಗಂಟೆಗೆ ತೆರೆಯುತ್ತಾರೆ. ನಮ್ಮ ಐಆರ್‌ಸಿಟಿಸಿಯಲ್ಲಿ ತತ್ಕಾಲ್ ಟಿಕೆಟ್ ಹಿಡಿದು ಪಳಗಿದವರಿಗೆ ಇದರ ಮರ್ಮ ಬಿಡಿಸಿ ಹೇಳಬೇಕಿಲ್ಲ. ಖಾತೆ ಮೊದಲೇ ತೆರೆದಿಟ್ಟುಕೊಳ್ಳಿ, ಕಾರ್ಡಿನ ವಿವರ ಕೈಯಳತೆಯಲ್ಲಿರಲಿ, ಎಂಟಕ್ಕೆ ಹತ್ತು ನಿಮಿಷ ಮುಂಚೆ ಲಾಗಿನ್ ಆಗಿ ಕಾಯಿರಿ. ಬೆಂಗಳೂರಿನಿಂದಲೇ ಬುಕ್ ಮಾಡುವುದಾದರೆ ಬೇಸಿಗೆಯಲ್ಲಿ ಅಲ್ಲಿನ ಎಂಟು ಗಂಟೆ ಎಂದರೆ ನಮ್ಮ ಸಂಜೆ ಏಳೂವರೆ.

ಒಂದು ಸಂಗತಿ ಬಹಳ ಜನರಿಗೆ ಗೊತ್ತಿಲ್ಲ: ಎರಡು ಸರೋವರಗಳ ನಡುವೆ ಓಡಾಡುವ ‘ಲೇಕ್ ಕನೆಕ್ಟರ್’ ಬಸ್ಸು ಅದೇ ಶಟಲ್ ಟಿಕೆಟ್‌ನಲ್ಲಿ ಸೇರಿದೆ. ಮೊರೇನ್‌ಗೆ ಸೀಟು ಸಿಗದೆ ಲೇಕ್ ಲೂಯಿಸ್‌ಗೆ ಸಿಕ್ಕಿದರೂ ಬೇಸರಪಡಬೇಡಿ. ಲೂಯಿಸ್ ನೋಡಿಕೊಂಡು ಅಲ್ಲಿಂದ ಕನೆಕ್ಟರ್ ಹತ್ತಿ ಮೊರೇನ್‌ಗೆ ಹೋಗಬಹುದು. ಹೋಗುವ ಹೊತ್ತನ್ನು ಮಾತ್ರ ನಿಗದಿ ಮಾಡಿರುತ್ತಾರೆ. ಮರಳುವಾಗ ಸಾಲಿನಲ್ಲಿ ನಿಂತು ಸಿಕ್ಕ ಬಸ್ಸು ಹತ್ತುವುದು. ಸಂಜೆಯ ಕೊನೆಯ ಬಸ್ಸು ಎಷ್ಟು ಗಂಟೆಗೆಂದು ಇಳಿಯುವಾಗಲೇ ಚಾಲಕರನ್ನು ಕೇಳಿಟ್ಟುಕೊಳ್ಳಿ.

ಸೂರ್ಯೋದಯಕ್ಕೇ ಮೊರೇನ್ ದಡದಲ್ಲಿರಬೇಕೆಂಬ ಹಟವಿದ್ದರೆ ನಸುಕಿನಲ್ಲಿ ಹೊರಡುವ ಖಾಸಗಿ ಬಸ್ಸುಗಳಿವೆ. ದರ ಹಲವು ಪಟ್ಟು ಹೆಚ್ಚು.

ಯಾವ ಸರೋವರದಲ್ಲಿ ಏನು

*ಮೊರೇನ್ ಲೇಕ್.* ಸಮುದ್ರಮಟ್ಟದಿಂದ ಸುಮಾರು 1,885 ಮೀಟರ್ ಎತ್ತರ. ಸುತ್ತ ಹತ್ತು ಶಿಖರಗಳ ಸಾಲು. ಕೆನಡಾದ ಹಳೆಯ 20 ಡಾಲರ್ ನೋಟಿನ ಹಿಂಬದಿಯಲ್ಲಿದ್ದದ್ದು ಇದೇ ನೋಟ. ಬಸ್ಸಿಳಿದ ಕೂಡಲೇ ಬಲಕ್ಕಿರುವ ದಡಕ್ಕೆ ಎಲ್ಲರೂ ಧಾವಿಸುತ್ತಾರೆ; ನೀವು ಮೊದಲು ‘ರಾಕ್‌ಪೈಲ್’ ಎಂದು ಕರೆಯುವ ಕಲ್ಲುಗುಡ್ಡಕ್ಕೆ ನಡೆಯಿರಿ. ಮುನ್ನೂರು ನಾನೂರು ಮೀಟರ್ ದಾರಿ, ಬಹುಪಾಲು ಮೆಟ್ಟಿಲು, ನಿಧಾನವಾಗಿ ಹತ್ತಿದರೂ ಕಾಲು ಗಂಟೆ. ಮೇಲೆ ನಿಂತಾಗ ಕೆಳಗೆ ತೇಲುವ ಮರದ ದಿಮ್ಮಿಗಳು, ಆಚೆ ನೀರಿನ ಪೂರ್ತಿ ಉದ್ದ, ಅದರ ತುದಿಗೆ ಹಿಮ ಹೊತ್ತ ಗೋಡೆ. ಕಾಲ ಬುಡದ ಬಂಡೆಗಳ ಸಂದಿಯಿಂದ ಪುಟ್ಟ ಅಳಿಲುಗಳು ಹೊರಬಂದು, ಹಿಂಗಾಲಲ್ಲಿ ನಿಂತು ನಿಮ್ಮ ಚೀಲವನ್ನೇ ನೋಡುತ್ತವೆ. ಕಡಲೆಬೀಜ ಹಾಕುವ ಆಸೆ ಮಕ್ಕಳಿಗೆ ಬಂದೇ ಬರುತ್ತದೆ. ಹಾಕಬಾರದು, ಉದ್ಯಾನದಲ್ಲಿ ಯಾವ ಪ್ರಾಣಿಗೂ ಆಹಾರ ಕೊಡುವುದು ಅಪರಾಧ, ದಂಡ 25,000 ಡಾಲರ್‌ವರೆಗೂ ಏರಬಹುದು.

ನಡೆಯಬಲ್ಲವರಿಗೆ ಇಲ್ಲಿಂದ ಎರಡು ದಾರಿಗಳಿವೆ. ಕನ್ಸೊಲೇಶನ್ ಲೇಕ್ಸ್‌ಗೆ ಒಂದು ಕಡೆಗೆ ಸುಮಾರು 3 ಕಿ.ಮೀ., ಹೆಚ್ಚು ಏರಿಲ್ಲ. ಲಾರ್ಚ್ ವ್ಯಾಲಿಗೆ ಐನೂರು ಮೀಟರಿಗೂ ಮೀರಿದ ಏರು. ಕರಡಿಗಳು ಹಣ್ಣು ತಿನ್ನಲು ಇಳಿಯುವ ದಿನಗಳಲ್ಲಿ ಈ ದಾರಿಗಳಲ್ಲಿ ಕನಿಷ್ಠ ನಾಲ್ವರು ಗುಂಪಾಗಿಯೇ ಹೋಗಬೇಕೆಂಬ ಕಾನೂನು ಜಾರಿಗೆ ಬರುತ್ತದೆ. ಇಬ್ಬರೇ ಇದ್ದರೆ ದಾರಿಯ ಆರಂಭದ ಫಲಕದ ಬಳಿ ನಿಂತಿರಿ, ನಿಮ್ಮಂತೆ ಕಾಯುವ ಇನ್ನಿಬ್ಬರು ಸಿಗುತ್ತಾರೆ.

*ಲೇಕ್ ಲೂಯಿಸ್.* ಸುಮಾರು ಎರಡು ಕಿಲೋಮೀಟರ್ ಉದ್ದ. ಒಂದು ತುದಿಯಲ್ಲಿ ರೈಲ್ವೆ ಕಂಪನಿ ಕಟ್ಟಿದ ದೊಡ್ಡ ಹೋಟೆಲು, ಇನ್ನೊಂದು ತುದಿಯಲ್ಲಿ ವಿಕ್ಟೋರಿಯಾ ಹಿಮನದಿ. ಹೋಟೆಲಿನ ಬದಿಯಿಂದ ನೀರಿನ ಅಂಚಿಗೇ ಸಾಗುವ ಸಮತಟ್ಟಾದ ದಾರಿಯಲ್ಲಿ ವಯಸ್ಸಾದವರು, ಮಕ್ಕಳ ತಳ್ಳುಗಾಡಿ, ಗಾಲಿಕುರ್ಚಿ ಎಲ್ಲವೂ ಸಲೀಸು. ಮೊದಲ ಕಾಲು ಗಂಟೆ ನಡೆದರೆ ಸಾಕು, ಜನ ಅರ್ಧಕ್ಕರ್ಧ ಕಡಿಮೆಯಾಗುತ್ತಾರೆ. ದೂರದ ತುದಿ ತಲುಪಿದರೆ, ಹಿಮನದಿಯಿಂದ ಬಂದ ತೊರೆ ಬೂದುಬಣ್ಣದ ಹೂಳಿನೊಂದಿಗೆ ಸರೋವರ ಸೇರುವುದು ಕಾಣುತ್ತದೆ. ಮೇಲೆ ಹೇಳಿದ ಕಲ್ಲುಹಿಟ್ಟು ಕಣ್ಣಾರೆ ಕಾಣುವ ಜಾಗ ಅದು. ಹೋಟೆಲಿನ ದೋಣಿಮನೆಯಲ್ಲಿ ಕೆನೂ ಬಾಡಿಗೆಗಿದೆ, ಗಂಟೆಗೆ ನೂರು ಡಾಲರ್ ದಾಟುತ್ತದೆ.

ಎತ್ತರದಿಂದ ನೋಡಲು ಲೇಕ್ ಆಗ್ನೆಸ್ ಟೀ ಹೌಸ್ ದಾರಿ ಹಿಡಿಯಿರಿ. ಒಂದು ಕಡೆಗೆ ಸುಮಾರು ಮೂರೂವರೆ ಕಿ.ಮೀ., ಏರು ಸುಮಾರು 400 ಮೀಟರ್. ದಿನಾ ನಡೆಯುವ ಅಭ್ಯಾಸವಿದ್ದವರಿಗೆ ಒಂದೂವರೆ ಗಂಟೆ. 1901ರಲ್ಲಿ ಕೆನೇಡಿಯನ್ ಪೆಸಿಫಿಕ್ ರೈಲ್ವೆ ಕಟ್ಟಿದ ಈ ಮನೆಯಲ್ಲಿ 1905ರಿಂದ ಚಹಾ ಸಿಗುತ್ತಿದೆ. ಅಲ್ಲಿಗೆ ರಸ್ತೆಯೂ ಇಲ್ಲ, ವಿದ್ಯುತ್ತೂ ಇಲ್ಲ. ಬೇಕಾದ ಸಾಮಾನಿನಲ್ಲಿ ಬಹಳಷ್ಟನ್ನು ಕೆಲಸಗಾರರೇ ಬೆನ್ನಮೇಲೆ ಹೊತ್ತು ತರುತ್ತಾರೆ. ಜೇಬಿನಲ್ಲಿ ನಗದು ಇಟ್ಟುಕೊಂಡೇ ಹತ್ತಿ.

*ಬೋ ಲೇಕ್, ಪೇಟೊ ಲೇಕ್.* ಲೇಕ್ ಲೂಯಿಸ್‌ನಿಂದ ಜ್ಯಾಸ್ಪರ್‌ವರೆಗೆ ಸುಮಾರು 230 ಕಿ.ಮೀ. ಸಾಗುವ ಐಸ್‌ಫೀಲ್ಡ್ಸ್ ಪಾರ್ಕ್‌ವೇ ರಸ್ತೆಯಲ್ಲಿ ನಲವತ್ತು ಕಿಲೋಮೀಟರ್ ಒಳಗೇ ಬೋ ಲೇಕ್ ಸಿಗುತ್ತದೆ. ರಸ್ತೆ ಬದಿಯಲ್ಲೇ ನೀರು, ಬುಕಿಂಗ್ ಬೇಕಿಲ್ಲ. ಇಲ್ಲಿಂದ ಹೊರಟ ಬೋ ನದಿಯ ನೀರನ್ನೇ ಕೆಳಗೆ ಕ್ಯಾಲ್ಗರಿ ಕುಡಿಯುತ್ತದೆ. ತುಸು ಮುಂದೆ ಬೋ ಸಮಿಟ್ ಘಟ್ಟ. ಅಲ್ಲಿ ಕಾರು ನಿಲ್ಲಿಸಿ ಹದಿನೈದು ನಿಮಿಷ ಏರಿದರೆ ಪೇಟೊ ಲೇಕ್ ನೋಡುವ ಕಟ್ಟೆ. ತೋಳದ ತಲೆಯ ಆಕಾರದ ಈ ಸರೋವರವನ್ನು ನೋಡುವುದೇ ಮೇಲಿನಿಂದ, ಹಾಗಾಗಿ ಬಣ್ಣದ ವಿಷಯದಲ್ಲಿ ಇದು ಎಲ್ಲಕ್ಕೂ ಒಂದು ಕೈ ಮೇಲು. ಬಿಸಿಲು ಮೇಲೇರಿದ ಮೇಲೆ, ಹನ್ನೊಂದರಿಂದ ಎರಡರೊಳಗೆ ಹೋಗಿ.

ಇದಕ್ಕೆ ನೀರುಣಿಸುವ ಪೇಟೊ ಹಿಮನದಿಯನ್ನು ವಿಜ್ಞಾನಿಗಳು 1960ರ ದಶಕದಿಂದ ಅಳೆಯುತ್ತಾ ಬಂದಿದ್ದಾರೆ. ಅದು ಹಿಂದೆ ಸರಿಯುತ್ತಲೇ ಇದೆ. ಅದು ಬಿಟ್ಟುಹೋದ ಜಾಗದಲ್ಲಿ ಹೊಸದೊಂದು ಕೆರೆಯೇ ಹುಟ್ಟಿಕೊಂಡಿದೆ. ಹಿಮನದಿ ಕ್ಷೀಣಿಸಿದಂತೆ ಕೆಳಗಿನ ಸರೋವರಕ್ಕೆ ಬರುವ ಕಲ್ಲುಹಿಟ್ಟೂ ಕಡಿಮೆಯಾಗುತ್ತದೆ, ಹಸಿರುನೀಲಿ ಹೋಗಿ ನೀರು ತಿಳಿನೀಲಿಗೆ ತಿರುಗುತ್ತದೆ. ಈಗ ಕಾಣುವ ಬಣ್ಣ ಶಾಶ್ವತವಲ್ಲ.

*ಕೊಲಂಬಿಯಾ ಐಸ್‌ಫೀಲ್ಡ್.* ಅದೇ ರಸ್ತೆಯಲ್ಲಿ ಲೇಕ್ ಲೂಯಿಸ್‌ನಿಂದ ಸುಮಾರು 130 ಕಿ.ಮೀ. ದೂರದಲ್ಲಿ, ಜ್ಯಾಸ್ಪರ್ ಗಡಿಯೊಳಗೆ, ಅಥಬಾಸ್ಕಾ ಹಿಮನದಿಯ ಬುಡಕ್ಕೇ ಹೋಗಬಹುದು. ಯಾವ ವರ್ಷ ಮಂಜು ಎಲ್ಲಿಯವರೆಗಿತ್ತು ಎಂದು ದಾರಿಯುದ್ದಕ್ಕೂ ಗುರುತು ಕಲ್ಲು ನೆಟ್ಟಿದ್ದಾರೆ. 125 ವರ್ಷಗಳಲ್ಲಿ ಒಂದೂವರೆ ಕಿಲೋಮೀಟರಿಗೂ ಹೆಚ್ಚು ಹಿಂದೆ ಸರಿದಿದೆ. ಮಕ್ಕಳಿಗೆ ಯಾವ ಪಠ್ಯಪುಸ್ತಕಕ್ಕಿಂತಲೂ ಆ ನಡಿಗೆ ಹೆಚ್ಚು ಕಲಿಸುತ್ತದೆ. ಕಟ್ಟಿದ ಹಗ್ಗ ದಾಟಿ ಮಂಜಿನ ಮೇಲೆ ಕಾಲಿಡಬೇಡಿ. ಮೇಲಿನ ತೆಳು ಹಿಮದಡಿಯ ಬಿರುಕಿಗೆ ಬಿದ್ದು ಸತ್ತವರಿದ್ದಾರೆ. ಮಂಜಿನ ಮೇಲೆ ನಡೆಯಬೇಕೆಂದರೆ ದೊಡ್ಡ ಗಾಲಿಗಳ ಬಸ್ಸಿನ ಟಿಕೆಟ್ ಕೊಳ್ಳಿ ಅಥವಾ ಮಾರ್ಗದರ್ಶಕರ ಜೊತೆ ಹೋಗಿ.

ಈ ರಸ್ತೆಗೆ ಹೊರಡುವ ಮುನ್ನ ಲೇಕ್ ಲೂಯಿಸ್‌ನಲ್ಲಿ ಟ್ಯಾಂಕ್ ಭರ್ತಿ ಮಾಡಿಸಿ. ನಡುವೆ ಪೆಟ್ರೋಲ್ ಸಿಗುವುದು ಸಸ್ಕಾಚೆವನ್ ಕ್ರಾಸಿಂಗ್‌ನಲ್ಲಿ, ಅದೂ ಬೇಸಿಗೆ ಕಾಲದಲ್ಲಿ ಮಾತ್ರ. ಮೊಬೈಲ್ ಸಿಗ್ನಲ್ ಬಹುತೇಕ ಇರುವುದಿಲ್ಲ, ನಕ್ಷೆಯನ್ನು ಮುಂಚೆಯೇ ಡೌನ್‌ಲೋಡ್ ಮಾಡಿಕೊಳ್ಳಿ.

ಕರಡಿ, ಎಲ್ಕ್ ಮತ್ತು ನಾವು

ಉದ್ಯಾನದಲ್ಲಿ ಗ್ರಿಜ್ಲಿ, ಕಪ್ಪು ಕರಡಿ ಎರಡೂ ಇವೆ. ಕರಡಿ, ತೋಳಗಳಿಂದ ಕನಿಷ್ಠ 100 ಮೀಟರ್, ಎಲ್ಕ್, ಜಿಂಕೆ, ಬೆಟ್ಟದ ಕುರಿಗಳಿಂದ 30 ಮೀಟರ್ ದೂರ ಇರಬೇಕು. ಕರಡಿಗೆ ಹೆದರುವಷ್ಟು ಜನ ಎಲ್ಕ್‌ಗೆ ಹೆದರುವುದಿಲ್ಲ. ಪೇಟೆಯ ಹುಲ್ಲುಹಾಸಿನಲ್ಲೇ ಮೇಯುವ ಅದು ನೋಡಲು ಸಾಧು. ಆದರೆ ಮೇ-ಜೂನ್‌ನಲ್ಲಿ ಮರಿಯಿರುವ ತಾಯಿ, ಸೆಪ್ಟೆಂಬರ್‌ನಲ್ಲಿ ಬೆದೆಗೆ ಬಂದ ಗಂಡು ಹತ್ತಿರ ಹೋದವರ ಮೇಲೆ ನುಗ್ಗುತ್ತವೆ. ಸೆಲ್ಫಿ ಬೇಡ.

ಕಾಲುದಾರಿ ಹಿಡಿಯುವವರು ಬೇರ್ ಸ್ಪ್ರೇ ಒಯ್ಯಲೇಬೇಕು. ವಿಮಾನದಲ್ಲಿ ತರುವಂತಿಲ್ಲ, ಬ್ಯಾನ್ಫ್ ಪೇಟೆಯ ಅಂಗಡಿಗಳಲ್ಲಿ ಕೊಳ್ಳಬಹುದು, ಬಾಡಿಗೆಗೂ ಸಿಗುತ್ತದೆ. ಅದನ್ನು ಬ್ಯಾಗಿನ ತಳದಲ್ಲಿ ಇಡುವುದರಲ್ಲಿ ಅರ್ಥವಿಲ್ಲ, ಸೊಂಟದಲ್ಲಿರಲಿ. ಇದು ಖಾರದ ಘಾಟು ಚಿಮ್ಮುವ ಡಬ್ಬಿ, ಕರಡಿ ಮೈಮೇಲೆ ಬರುವಾಗ ಅದರ ಮುಖಕ್ಕೆ ಗುರಿಯಿಟ್ಟು ಬಿಡುವಂಥದ್ದು. ಸೊಳ್ಳೆ ಔಷಧಿಯಂತೆ ಮಕ್ಕಳ ಬಟ್ಟೆಗೆ ಸಿಂಪಡಿಸಿದರೆ ಆಸ್ಪತ್ರೆಗೆ ಓಡಬೇಕಾದೀತು. ನಡೆಯುವಾಗ ಗಟ್ಟಿಯಾಗಿ ಮಾತಾಡಿ, ತಿರುವುಗಳಲ್ಲಿ ಕೂಗಿ. ನಮ್ಮ ಜನಕ್ಕೆ ಇದೊಂದು ಕಷ್ಟವಾಗಲಾರದು. ಕರಡಿ ಕಂಡರೆ ಓಡಬೇಡಿ. ಮಕ್ಕಳನ್ನು ಎತ್ತಿಕೊಂಡು, ಮೆಲ್ಲಗೆ ಮಾತಾಡುತ್ತಾ ಹಿಂದೆ ಸರಿಯಿರಿ.

ಚಿತ್ರಾನ್ನ, ಚಪಾತಿ-ಪಲ್ಯ ಕಟ್ಟಿಕೊಂಡು ಹೋಗುವವರು ಗಮನಿಸಿ: ಪಿಕ್ನಿಕ್ ಮೇಜಿನ ಮೇಲೆ ಡಬ್ಬಿ ಬಿಟ್ಟು ಫೋಟೊಗೆ ಹೋಗಬಾರದು. ಉಳಿದದ್ದನ್ನು ಕಾರಿನೊಳಗೆ ಭದ್ರವಾಗಿಡಿ, ಕಸವನ್ನು ಕರಡಿ ತೆರೆಯಲಾಗದ ಚಿಲಕದ ತೊಟ್ಟಿಗೇ ಹಾಕಿ. ಮನುಷ್ಯರ ಅನ್ನದ ರುಚಿ ಹತ್ತಿದ ಕರಡಿಯನ್ನು ಕೊನೆಗೆ ಕೊಲ್ಲಬೇಕಾಗಿ ಬರುತ್ತದೆ.

ಬೆಟ್ಟಗಳ ಅಪಾಯ ಪ್ರಾಣಿಗಳಿಂದಷ್ಟೇ ಅಲ್ಲ. 2025ರ ಜೂನ್‌ನಲ್ಲಿ ಬೋ ಗ್ಲೇಸಿಯರ್ ಫಾಲ್ಸ್ ಬಳಿ ಬಂಡೆ ಕುಸಿದು ಇಬ್ಬರು ತೀರಿಕೊಂಡರು. ಯಾವ ದಾರಿ ಮುಚ್ಚಿದೆ, ಎಲ್ಲಿ ಎಚ್ಚರಿಕೆ ಇದೆ ಎಂಬುದನ್ನು ಹೊರಡುವ ದಿನ ಬೆಳಗ್ಗೆ ಪ್ರವಾಸಿ ಕೇಂದ್ರದಲ್ಲೋ ಪಾರ್ಕ್ಸ್ ಕೆನಡಾದ ತಾಣದಲ್ಲೋ ನೋಡುವುದು ಅಭ್ಯಾಸವಾಗಲಿ. ಸರೋವರದ ನೀರು ನಡುಬೇಸಿಗೆಯಲ್ಲೂ ಕೊರೆಯುವಷ್ಟು ತಣ್ಣಗಿರುತ್ತದೆ. ಈಜು ಬಲ್ಲವರ ಉಸಿರನ್ನೂ ಕ್ಷಣದಲ್ಲಿ ಕಟ್ಟಿಸುತ್ತದೆ. ಡ್ರೋನ್ ಹಾರಿಸುವುದಕ್ಕೆ ನಿಷೇಧವಿದೆ.

ಉಳಿಯುವುದು, ಉಣ್ಣುವುದು

ಲೇಕ್ ಲೂಯಿಸ್‌ನಲ್ಲಿ ಕೋಣೆಗಳು ಕಡಿಮೆ, ಬಾಡಿಗೆ ಜಾಸ್ತಿ. ಬ್ಯಾನ್ಫ್ ಪೇಟೆಯಲ್ಲಿ ಆಯ್ಕೆ ಹೆಚ್ಚು. ಉದ್ಯಾನದ ಗಡಿಯಾಚೆ, ಬ್ಯಾನ್ಫ್‌ನಿಂದ ಸುಮಾರು 25 ಕಿ.ಮೀ. ಹಿಂದೆ ಇರುವ ಕ್ಯಾನ್‌ಮೋರ್‌ನಲ್ಲಿ ಅಡುಗೆಮನೆಯಿರುವ ಮನೆಗಳು ಬಾಡಿಗೆಗೆ ಸಿಗುತ್ತವೆ. ಎರಡು ಕುಟುಂಬ ಒಟ್ಟಿಗೆ ಹೋಗುವುದಾದರೆ ಲೆಕ್ಕ ಕೂಡಿಬರುವುದು ಅಲ್ಲೇ. ಕ್ಯಾಲ್ಗರಿಯಲ್ಲಿ ಉಳಿದು ದಿನಾ ಓಡಾಡುವ ಯೋಚನೆ ಬೇಡ. ಲೇಕ್ ಲೂಯಿಸ್‌ಗೆ ಹೋಗಿಬರಲು ನಾಲ್ಕೂವರೆ ಗಂಟೆಯಾದರೂ ಕಾರಿನಲ್ಲೇ ಕಳೆಯುತ್ತದೆ.

ಬ್ಯಾನ್ಫ್ ಪೇಟೆಯಲ್ಲಿ ಭಾರತೀಯ ಊಟದ ಹೋಟೆಲುಗಳಿವೆ, ಹೆಚ್ಚಾಗಿ ಉತ್ತರ ಭಾರತದ ಅಡುಗೆ. ಲೇಕ್ ಲೂಯಿಸ್ ದಾಟಿದ ಮೇಲೆ ಶುದ್ಧ ಸಸ್ಯಾಹಾರಿಗಳಿಗೆ ಬ್ರೆಡ್ಡು, ಆಲೂಗಡ್ಡೆ, ಸಲಾಡ್ ಗತಿ. ದಕ್ಷಿಣ ಏಷ್ಯಾದವರು ಹೆಚ್ಚಾಗಿ ನೆಲೆಸಿರುವ ಈಶಾನ್ಯ ಕ್ಯಾಲ್ಗರಿಯ ಅಂಗಡಿಗಳಲ್ಲಿ ಮೊಸರು, ಅವಲಕ್ಕಿ, ಉಪ್ಪಿನಕಾಯಿ, ರೊಟ್ಟಿ ಎಲ್ಲವೂ ಸಿಗುತ್ತವೆ. ವಿಮಾನ ನಿಲ್ದಾಣವೂ ಅದೇ ದಿಕ್ಕಿನಲ್ಲಿರುವುದರಿಂದ ಬೆಟ್ಟ ಹತ್ತುವ ಮುಂಚೆ ಅಲ್ಲೊಂದು ಸುತ್ತು ಹಾಕಿಬಿಡಿ.

ಕಾಗದಪತ್ರ, ಪಾಸು, ವಾಹನ

ಭಾರತೀಯ ಪಾಸ್‌ಪೋರ್ಟ್ ಇರುವವರಿಗೆ ಕೆನಡಾದ ವಿಸಿಟರ್ ವೀಸಾ ಬೇಕು. ಬೆರಳಚ್ಚು ಕೊಡುವ ಹಂತವೂ ಇರುವುದರಿಂದ ತಿಂಗಳುಗಳ ಮುಂಚೆ ಶುರು ಮಾಡಿ. ಅಮೆರಿಕದ ಗ್ರೀನ್ ಕಾರ್ಡ್ ಇರುವ ಭಾರತೀಯರಿಗೆ ವೀಸಾ ಬೇಡ, ಪಾಸ್‌ಪೋರ್ಟ್ ಮತ್ತು ಕಾರ್ಡ್ ಎರಡೂ ಜೊತೆಗಿರಬೇಕು. ಎಚ್-1ಬಿ ವೀಸಾದಲ್ಲಿರುವವರಿಗೆ ಈ ವಿನಾಯಿತಿ ಇಲ್ಲ. ಕೆನಡಾದಲ್ಲಿ ನೆಲೆಸಿದ ಮಕ್ಕಳ ಬಳಿಗೆ ಅಪ್ಪ ಅಮ್ಮ ಸೂಪರ್ ವೀಸಾದಲ್ಲಿ ಬಂದಿದ್ದರೆ ಆರೋಗ್ಯ ವಿಮೆ ಹೇಗೂ ಇರುತ್ತದೆ. ವಿಸಿಟರ್ ವೀಸಾದಲ್ಲಿ ಬಂದವರೂ ವಿಮೆ ಮಾಡಿಸಲಿ, ಇಲ್ಲಿನ ಆಸ್ಪತ್ರೆಯ ಬಿಲ್ಲು ಪ್ರವಾಸಿಗಳಿಗೆ ದಯೆ ತೋರುವುದಿಲ್ಲ.

ಉದ್ಯಾನದೊಳಗೆ ಇರುವ ಪ್ರತಿ ದಿನಕ್ಕೂ ಪ್ರವೇಶ ಪಾಸು ಬೇಕು. 17 ವರ್ಷದವರೆಗಿನವರಿಗೆ ಉಚಿತ. ಒಂದೇ ಕಾರಿನಲ್ಲಿ ಏಳು ಜನರವರೆಗೆ ಕುಟುಂಬದ ಪಾಸು ನಡೆಯುತ್ತದೆ. ವಾರ ಉಳಿಯುವವರು, ಅದೇ ವರ್ಷ ಇನ್ನೊಂದು ಉದ್ಯಾನಕ್ಕೂ ಹೋಗುವವರು ವರ್ಷದ ‘ಡಿಸ್ಕವರಿ ಪಾಸ್’ ಜೊತೆ ಲೆಕ್ಕ ಹೋಲಿಸಿ ನೋಡಲಿ. ಶಟಲ್ ಟಿಕೆಟ್ ಬೇರೆ, ಪ್ರವೇಶ ಪಾಸು ಬೇರೆ.

ಕಾರು ಓಡಿಸುವವರು ಊರಿನ ಆರ್‌ಟಿಒ ಕಚೇರಿಯಲ್ಲಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಂಡು ಬನ್ನಿ, ಮೂಲ ಲೈಸೆನ್ಸ್ ಜೊತೆಗಿರಲಿ. ಬಲಬದಿಯಲ್ಲಿ ಚಾಲನೆ. ಪ್ರಾಣಿ ಕಂಡಿತೆಂದು ಹೆದ್ದಾರಿಯಲ್ಲಿ ಗಕ್ಕನೆ ನಿಲ್ಲಿಸಬೇಡಿ. ಕಾರು ಬೇಡವೆನ್ನುವವರಿಗೆ ವಿಮಾನ ನಿಲ್ದಾಣದಿಂದ ಬ್ಯಾನ್ಫ್‌ಗೆ ಖಾಸಗಿ ಬಸ್ಸು, ಬ್ಯಾನ್ಫ್‌ನಿಂದ ಲೇಕ್ ಲೂಯಿಸ್‌ಗೆ ರೋಮ್ ಬಸ್ಸು ಇವೆ. ಪೇಟೆಗೆ ಕಾರಿನಲ್ಲಿ ಬಂದವರು ರೈಲು ನಿಲ್ದಾಣದ ಪಕ್ಕದ ಉಚಿತ ಪಾರ್ಕಿಂಗ್‌ನಲ್ಲಿ ನಿಲ್ಲಿಸಿ ನಡೆಯುವುದು ಸಲೀಸು.

ಮೂರು ದಿನ ಇದ್ದರೆ

ಮೊದಲ ದಿನ ಬ್ಯಾನ್ಫ್ ಪೇಟೆ: ಉದ್ಯಾನ ಹುಟ್ಟಿದ ಬಿಸಿನೀರ ಗುಹೆ ಕೇವ್ ಅಂಡ್ ಬೇಸಿನ್, ಸಲ್ಫರ್ ಮೌಂಟನ್‌ಗೆ ಎಂಟು ನಿಮಿಷದ ಗೊಂಡೋಲಾ, ಸಂಜೆ ಲೇಕ್ ಮಿನ್ನೆವಾಂಕಾ. ಈ ಕೊನೆಯದಕ್ಕೆ ಅಣೆಕಟ್ಟು ಕಟ್ಟಿ, 1941ರಲ್ಲಿ ನೀರು ಏರಿಸಿದಾಗ ದಡದ ಹಳೆಯ ಪ್ರವಾಸಿ ಊರೊಂದು ಮುಳುಗಿತು. ಈಗ ಅದನ್ನು ನೋಡಲು ಡೈವರ್‌ಗಳು ನೀರಿಗಿಳಿಯುತ್ತಾರೆ. ಎರಡನೇ ದಿನ ಶಟಲ್ ಹತ್ತಿ ಬೆಳಗ್ಗೆ ಮೊರೇನ್, ಮಧ್ಯಾಹ್ನ ಕನೆಕ್ಟರ್‌ನಲ್ಲಿ ಲೂಯಿಸ್. ಮೂರನೇ ದಿನ ಐಸ್‌ಫೀಲ್ಡ್ಸ್ ಪಾರ್ಕ್‌ವೇ. ಶಟಲ್ ಸೀಟು ಯಾವ ದಿನಕ್ಕೆ ಸಿಗುತ್ತದೋ ಆ ದಿನವನ್ನು ಮೊದಲು ಗುರುತು ಹಾಕಿ, ಉಳಿದೆರಡನ್ನು ಅದರ ಆಚೆ ಈಚೆ ಹೊಂದಿಸಿ.

ಸೀಟು ಸಿಗಲೇ ಇಲ್ಲ ಎಂದಾದರೆ

ಎರಡು ದಿನ ಮುಂಚಿನ ಎಂಟು ಗಂಟೆಗೂ ಕೈತಪ್ಪಿತೇ? ಅಂದಿನ ಹಗಲೆಲ್ಲ ಆಗಾಗ ನೋಡುತ್ತಿರಿ, ರದ್ದಾದ ಸೀಟುಗಳು ಮರಳಿ ಬರುತ್ತವೆ. ಮಧ್ಯಾಹ್ನದ ಮೇಲಿನ ಸೀಟುಗಳಿಗೆ ಪೈಪೋಟಿ ಕಡಿಮೆ, ಜೂನ್-ಜುಲೈಯಲ್ಲಿ ಸಂಜೆ ಏಳಕ್ಕೂ ಬೆಳಕು ಧಾರಾಳ. ರೋಮ್ ಬಸ್ಸಿಗೆ ಪ್ರತ್ಯೇಕ ಬುಕಿಂಗ್ ಇದೆ, ಅಲ್ಲೂ ಪ್ರಯತ್ನಿಸಿ. ಅದೂ ಆಗದಿದ್ದರೆ ನೇರ ಪೇಟೊ, ಬೋ ಲೇಕ್ ಕಡೆಗೆ ಗಾಡಿ ತಿರುಗಿಸಿ. ಉದ್ಯಾನದ ಪಾಸು ಇದ್ದರೆ ಸಾಕು, ಆ ಎರಡಕ್ಕೂ ಬೇರೆ ಯಾರ ಅಪ್ಪಣೆಯೂ, ಟಿಕೆಟೂ ಬೇಕಿಲ್ಲ. ಬೆಳಗ್ಗೆ ಎಂಟಕ್ಕೆ ಮುಂಚೆಯೋ ಸಂಜೆ ಐದರ ಮೇಲೋ ತಲುಪಿದರೆ ಪಾರ್ಕಿಂಗ್ ಕೂಡ ಸಿಗುತ್ತದೆ. ಮೊರೇನ್ ತಪ್ಪಿತೆಂದು ಹೊರಟವರು ಪೇಟೊ ಕಟ್ಟೆಯ ಮೇಲೆ ನಿಂತು, ‘ಇಷ್ಟಕ್ಕೆ ಅಷ್ಟೊಂದು ಒದ್ದಾಡಿದೆವಲ್ಲ’ ಎಂದುಕೊಂಡರೆ ಆಶ್ಚರ್ಯವಿಲ್ಲ.